ಚಾಕಿ ಮನೆಯವನು ಕೊಂಡ ಪುಸ್ತಕ

"ಬುದ್ಧಿ, ಒಂದು ಪುಸ್ತಕವನ್ನು ಸಾವಿರಾರು ಜನ ಹೊಗಳಿದ್ದಾರೆ. ಇನ್ನೊಂದನ್ನು ಹತ್ತಾರು ಜನ ಬೈದಿದ್ದಾರೆ. ಹೊಗಳಿದ್ದನ್ನು ತರಿಸಿದರೆ ಆಯಿತಲ್ಲವೇ?"

ಹೀಗೆ ಕೇಳಿದವನು ಮಲ್ಲಾರಾಧ್ಯ. ಮಠದ ವಿದ್ಯಾರ್ಥಿನಿಲಯದ ಮಕ್ಕಳಿಗೆ ಆ ವರ್ಷದಿಂದ ಪ್ರೋಗ್ರಾಮಿಂಗ್ ಕಲಿಸಬೇಕೆಂದು ಗುರುಗಳು ಅಪ್ಪಣೆ ಕೊಟ್ಟಿದ್ದರು. ಕಲಿಸುವ ಹೊಣೆ ಅವನದು. ಎಲ್ಲ ಮಕ್ಕಳಿಗೂ ಒಂದೇ ಪುಸ್ತಕ, ವರ್ಷವಿಡೀ ಅದೇ ಪುಸ್ತಕ. ಅವನು ತಾನು ಕಲಿತದ್ದು ಬೇರೆ ಪ್ರೋಗ್ರಾಮಿಂಗ್ ಭಾಷೆ, ಬೇರೊಂದು ಪುಸ್ತಕದಿಂದ. ಈ ಎರಡು ಪುಸ್ತಕಗಳಲ್ಲಿ ಒಂದನ್ನೂ ಅವನು ಕಣ್ಣಾರೆ ಕಂಡಿರಲಿಲ್ಲ. ಆನ್‌ಲೈನ್ ಅಂಗಡಿಯ ಪುಟವನ್ನು ಫೋನಿನಲ್ಲಿ ತೆರೆದು ಗುರುಗಳ ಮುಂದೆ ಹಿಡಿದ.

ಗುರುಗಳು ಪೂರ್ವಾಶ್ರಮದಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿದವರು. ಫೋನನ್ನು ಕೈಗೆ ತೆಗೆದುಕೊಂಡು, ಕಣ್ಣಿನಿಂದ ದೂರ ಹಿಡಿದು, ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದರು.

"ಆಯಿತು ಎಂದು ನೀನೇ ತೀರ್ಮಾನ ಮಾಡಿಕೊಂಡು ಬಂದಿದ್ದೀಯ. ಅಲ್ಲವೇ ಎಂದು ಸುಮ್ಮನೆ ನನ್ನನ್ನು ಕೇಳುತ್ತೀಯ" ಎಂದರು. "ಪಂಚಾಂಗದಲ್ಲಿರುವುದೇ ಇಪ್ಪತ್ತೇಳು ನಕ್ಷತ್ರ. ಇಲ್ಲಿ ನೋಡಿದರೆ ಲೆಕ್ಕವೇ ಇಲ್ಲ."

"ಇವೆಲ್ಲ ಕೊಂಡವರೇ ಕೊಟ್ಟ ನಕ್ಷತ್ರ ಬುದ್ಧಿ. ಅಂಗಡಿಯವನು ಕೊಟ್ಟದ್ದಲ್ಲ. ಕೊಂಡವರ ಮಾತನ್ನು ನಂಬದೆ ಇನ್ನಾರ ಮಾತನ್ನು ನಂಬಬೇಕು?"

ಗುರುಗಳು ಫೋನನ್ನು ಅವನಿಗೆ ಹಿಂದಿರುಗಿಸಿದರು. ಕೂತುಕೋ ಎಂದು ಕೈ ತೋರಿಸಿ ಹೇಳತೊಡಗಿದರು.

ರೇಷ್ಮೆ ಸೀಮೆಯಲ್ಲಿ ಒಬ್ಬ ಚಾಕಿ ಮನೆಯವನಿದ್ದ. ಚಾಕಿ ಎಂದರೆ ಎಳೆಯ ರೇಷ್ಮೆ ಹುಳು. ಮೊಟ್ಟೆಯೊಡೆದು ಬಂದಾಗ ಅದು ಕತ್ತರಿಸಿ ಬಿದ್ದ ಕೂದಲಿನಷ್ಟೇ ಇರುತ್ತದೆ. ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಕೋಣೆ ಬೆಚ್ಚಗಿರಬೇಕು, ತೇವವಾಗಿಯೂ ಇರಬೇಕು. ಬಾಣಂತಿಯ ಕೋಣೆ ಎಂದುಕೋ. ಇದೆಲ್ಲ ಮನೆಮನೆಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಒಂದೆರಡು ಊರಿಗೆ ಒಬ್ಬ ಚಾಕಿ ಮನೆ ಇಟ್ಟುಕೊಂಡಿರುತ್ತಾನೆ. ಹುಳು ಎರಡು ಸಲ ಪೊರೆ ಬಿಡುವವರೆಗೆ ಅವನು ಸಾಕುತ್ತಾನೆ. ಆಮೇಲೆ ಊರಿನವರು ಬಂದು ತಮ್ಮ ತಮ್ಮ ಪಾಲಿನ ಹುಳುಗಳನ್ನು ಒಯ್ಯುತ್ತಾರೆ. ಮನೆಯಲ್ಲಿ ಅವನ್ನು ದೊಡ್ಡದು ಮಾಡಿ, ಗೂಡು ಕಟ್ಟಿಸಿ, ಮಾರುಕಟ್ಟೆಗೆ ಹಾಕುತ್ತಾರೆ. ಚಾಕಿ ಮನೆಯಲ್ಲಿ ಹುಳು ಕೆಟ್ಟರೆ ಎಲ್ಲರ ಬೆಳೆಯೂ ಕೆಟ್ಟಂತೆ. ತೋಟದಲ್ಲಿ ಸೊಪ್ಪು ಬಲಿತು ನಿಂತಿರುತ್ತದೆ, ತಿನ್ನಲು ಹುಳು ಇರುವುದಿಲ್ಲ.

ಈ ಮನೆಯನ್ನು ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದರು. ಒಬ್ಬರು ಒರಗಿದರೆ ಇನ್ನೊಬ್ಬರು ಎದ್ದಿರಬೇಕು. ಕೋಣೆ ತಣ್ಣಗಾದರೆ ಹೀಟರ್ ಹಾಕಬೇಕು, ಕಾದರೆ ಆರಿಸಬೇಕು. ಒಣಗಿತೆಂದರೆ ಗೋಣಿತಟ್ಟು ನೆನೆಸಿ ತೂಗುಹಾಕಬೇಕು. ವರ್ಷಗಟ್ಟಲೆ ಆ ತೇವದಲ್ಲಿ, ಹುಳುವಿನ ಮೇಲೆ ಉದುರಿಸುವ ಸುಣ್ಣದ ಪುಡಿಯಲ್ಲಿ ದುಡಿದು ಹೆಂಡತಿಗೆ ಉಬ್ಬಸ ಹತ್ತಿತು. ಡಾಕ್ಟರು ಇನ್ನು ಆ ಕೋಣೆಗೆ ಕಾಲಿಡಬೇಡಿ ಎಂದರು. ಗಂಡನೂ ಬೇಡ ಎಂದ. ಅವಳು ಕೇಳಿದರೆ ತಾನೇ? ಅವನು ದಣಿದು ಒರಗಿದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಹೊರಗೆ ಬಂದು ಗೋಡೆ ಹಿಡಿದು ನಿಂತು ಉಸಿರೆಳೆಯುತ್ತಿದ್ದಳು. ಆ ಸದ್ದಿಗೆ ಅವನಿಗೆ ಎಚ್ಚರವಾಗುತ್ತಿತ್ತು.

"ನೀವೊಬ್ರೇ ಎಷ್ಟಂತ ಎದ್ದಿರ್ತೀರಾ? ನನ್ ಉಸ್ರು ಹೆಂಗೋ ಆಗ್ತದೆ. ಊರೋರ್ ಹುಳ ಕೆಟ್ರೆ ಯಾರಿಗ್ ಮುಖ ತೋರ್ಸೋದು?" ಎನ್ನುತ್ತಿದ್ದಳು.

ಅವನು ಒಂದು ತೀರ್ಮಾನಕ್ಕೆ ಬಂದ. ಕೋಣೆ ನೋಡಿಕೊಳ್ಳಲು ಒಂದು ಯಂತ್ರ ಇಡಬೇಕು. ಹೆಂಡತಿ ಆ ಹೊಸಿಲು ದಾಟಬಾರದು. ಅವನಿಗೆ ಬೇಕಾಗಿದ್ದುದು ಅಷ್ಟೇ, ಬೇರೇನೂ ಅಲ್ಲ.

ಪೇಟೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವನೊಬ್ಬನಿದ್ದ. ಅವನಲ್ಲಿ ಸಿದ್ಧ ಯಂತ್ರ ಇತ್ತು. ಆದರೆ ಅದಕ್ಕೆ ಗೊತ್ತಿದ್ದುದು ಒಂದೇ ಮಟ್ಟದ ಬಿಸಿ. ಚಾಕಿಗೆ ಅದು ಒಗ್ಗುವುದಿಲ್ಲ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಸಾಕುವವರು ಇದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಬಿಸಿ ತುಸು ಇಳಿಯಬೇಕು, ಕೋಣೆ ಒಣಗಿರಬೇಕು, ಎದ್ದಮೇಲೆ ಮತ್ತೆ ಮೊದಲಿನ ಬಿಸಿ, ತೇವ ಬೇಕು. ಇದನ್ನೆಲ್ಲ ಸಿದ್ಧ ಯಂತ್ರಕ್ಕೆ ಹೇಳಿಕೊಡುವವರು ಯಾರು? ಅಂಗಡಿಯವನು ಅಂಗೈಯಗಲದ ಒಂದು ಬೋರ್ಡು ತೆಗೆದಿಟ್ಟ.

"ಇದು ನೀವ್ ಹೇಳ್ದಂಗ್ ಕೇಳ್ತದೆ. ಆದ್ರೆ ಏನ್ ಹೇಳ್ಬೇಕೋ ಅದ್ನ ನೀವೇ ಬರೀಬೇಕು. ಪ್ರೋಗ್ರಾಮ್ ಅಂತಾರೆ. ನಾನು ಮಾರ್ತೀನಿ ಅಷ್ಟೆ, ನಂಗದು ಬರಲ್ಲ" ಎಂದ.

ಚಾಕಿ ಮನೆಯವನು ಪಿಯುಸಿವರೆಗೆ ಓದಿದವನು. ಇಂಗ್ಲಿಷ್ ನಿಧಾನಕ್ಕೆ ಓದಿದರೆ ತಿಳಿಯುತ್ತಿತ್ತು. ಪುಸ್ತಕ ನೋಡಿಕೊಂಡು ಕಲಿತರಾಯಿತು ಎಂದು ಬೋರ್ಡನ್ನು ಕೊಂಡು ಬಂದ. ಈಗ ನೀನು ಕುಳಿತ ಹಾಗೆಯೇ ಫೋನು ಹಿಡಿದು ಕುಳಿತ. ಆ ಬೋರ್ಡಿಗೆ ಬರೆಯುವುದನ್ನು ಕಲಿಸುವ ಪುಸ್ತಕಗಳು ಮುಖ್ಯವಾಗಿ ಎರಡು ಕಂಡವು.

ಮೊದಲನೆಯದಕ್ಕೆ ನಕ್ಷತ್ರಗಳ ಸುರಿಮಳೆ. ಒಬ್ಬ ಬರೆದಿದ್ದ, ಇಷ್ಟು ಸುಲಭ ಎಂದು ನನಗೆ ಗೊತ್ತೇ ಇರಲಿಲ್ಲ ಎಂದು. ಇನ್ನೊಬ್ಬಳು ಬರೆದಿದ್ದಳು, ಮೊದಲ ಪಾಠದಲ್ಲೇ ಪುಟ್ಟ ದೀಪ ಹೊತ್ತಿತು, ಕುಣಿದಾಡಿದೆ ಎಂದು. ಚಿತ್ರಗಳು ಚೆನ್ನಾಗಿವೆ, ಕಾಗದ ನುಣುಪಾಗಿದೆ, ಬರೆದದ್ದೆಲ್ಲ ಮೊದಲ ಸಲಕ್ಕೇ ಓಡುತ್ತದೆ, ಹೀಗೆ. ಪ್ರತಿ ರಿವ್ಯೂವಿನ ಕೆಳಗೂ ಖರೀದಿ ಖಚಿತ ಎಂಬ ಮುದ್ರೆ. ಆ ಮುದ್ರೆ ನೋಡಿ ಅವನಿಗೆ ಬಹಳ ನೆಮ್ಮದಿಯಾಯಿತು.

ಎರಡನೆಯದಕ್ಕೆ ಬರೀ ಬೈಗುಳ. ಮೊದಲ ಪಾಠದಲ್ಲಿ ದೀಪ ಹೊತ್ತಿಸಿ, ಎರಡನೆಯದರಲ್ಲೇ ಅದರ ತಂತಿ ಕಿತ್ತುಹಾಕು ಎನ್ನುತ್ತಾನೆ, ಇದೆಂಥ ಹುಚ್ಚು ಎಂದು ಒಬ್ಬ. ಪುಸ್ತಕದ ತುಂಬ ಅದು ಕೆಟ್ಟರೆ ಏನು, ಇದು ಕೆಟ್ಟರೆ ಏನು ಎಂಬ ರಾಗವೇ ಎಂದು ಇನ್ನೊಬ್ಬ. ಪ್ರಶ್ನೆಗಳಿವೆ, ಉತ್ತರಗಳಿಲ್ಲ, ದುಡ್ಡು ದಂಡ ಎಂದು ಮತ್ತೊಬ್ಬ. ಡಬ್ಬ ಹರಿದು ಬಂತೆಂದು ಒಬ್ಬ ಪುಣ್ಯಾತ್ಮ ಒಂದೇ ನಕ್ಷತ್ರ ಕೊಟ್ಟಿದ್ದ. ಪುಸ್ತಕ ಬರೆದವನಿಗೂ ಡಬ್ಬಕ್ಕೂ ಏನು ಸಂಬಂಧವೋ ಆ ಶಿವನಿಗೇ ಗೊತ್ತು.

ಚಾಕಿ ಮನೆಯವನು ಮೊದಲನೆಯದನ್ನು ತರಿಸಿದ. ನೀನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ಅವನು ಮಾಡಿದ ತಪ್ಪು ನಿನ್ನ ತಪ್ಪಲ್ಲ. ಅದು ಅವನ ಸೀಮೆಯವರು ಮಾತ್ರ ಮಾಡುವ ತಪ್ಪು. ಅದನ್ನು ಹೇಳುತ್ತೇನೆ ಕೇಳು.

ಅವನ ಕಡೆ ಒಂದು ಪದ್ಧತಿಯಿದೆ. ರೇಷ್ಮೆ ಮೊಟ್ಟೆ ತಂದವನನ್ನು ಮೊಟ್ಟೆ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಅವನು ಬಾಯಿ ಬಿಡುವುದಿಲ್ಲ. ಮೊಟ್ಟೆಯೊಡೆದಾಗಲೂ ಇಲ್ಲ, ಹುಳು ಹಸಿರು ತಿಂದು ಬೆಳೆಯುವಾಗಲೂ ಇಲ್ಲ. ಹುಳು ಬಲಿತು ಹಣ್ಣಾಗಿ, ಗೂಡು ಕಟ್ಟಿ, ಆ ಗೂಡನ್ನು ಬಿಡಿಸಿ ಮಾರುಕಟ್ಟೆಗೆ ಹಾಕಿ ಬಂದಮೇಲೆ ಮಾತ್ರ, ಈ ಸಲದ ಮೊಟ್ಟೆ ಚೆನ್ನಾಗಿತ್ತು ಎಂದೋ ಕೈಕೊಟ್ಟಿತು ಎಂದೋ ಹೇಳುತ್ತಾನೆ. ಅದಕ್ಕೆ ಮುಂಚೆ ಹೊಗಳಿದವನನ್ನು ಊರಿನವರು ಹಗುರ ಮನುಷ್ಯ ಎನ್ನುತ್ತಾರೆ. ಮುಂಚೆ ತೆಗಳಿದವನನ್ನು ಬಾಯಿಗೆ ಬೀಗವಿಲ್ಲದವನು ಎನ್ನುತ್ತಾರೆ. ಗೆದ್ದವರಾಗಲಿ ಸೋತವರಾಗಲಿ, ಬೆಳೆ ಮುಗಿದಮೇಲೆ ಹೇಳುವುದು ತಮ್ಮ ಕರ್ತವ್ಯ ಎಂದು ತಿಳಿದ ಜನ. ಅಲ್ಲಿ ಹುಟ್ಟಿ ಬೆಳೆದವನಿಗೆ ಬೇರೆ ರೀತಿ ಯೋಚಿಸಲು ಬರುವುದೇ ಇಲ್ಲ. ಒಬ್ಬ ಬಾಯಿಬಿಟ್ಟು ಚೆನ್ನಾಗಿದೆ ಎಂದ ಎಂದರೆ ಅವನ ಕೆಲಸ ಕೊನೆ ಮುಟ್ಟಿದೆ ಎಂದೇ ಅರ್ಥ.

ಹಾಗಾಗಿ ಆ ಸಾವಿರಾರು ಜನ ಪುಸ್ತಕವನ್ನು ಕೊನೆಯವರೆಗೆ ಓದಿ, ಕಲಿತದ್ದನ್ನು ಕೆಲಸಕ್ಕೆ ಹಾಕಿ, ಫಲ ಕಂಡು ಬರೆದಿದ್ದಾರೆ ಎಂದು ಅವನು ತಿಳಿದ. ಖರೀದಿ ಖಚಿತ ಎಂಬ ಮುದ್ರೆಯನ್ನು ಫಲ ಖಚಿತ ಎಂಬಂತೆ ಓದಿದ. ಅದು ಅವನ ಕಪಟವಲ್ಲ, ದಡ್ಡತನವೂ ಅಲ್ಲ. ಅವನ ಊರಿನ ಒಳ್ಳೆಯತನವೇ ಅವನ ಕಣ್ಣು ಮುಚ್ಚಿತು.

ಪುಸ್ತಕ ಬಂತು. ಹೊಗಳಿದವರು ಹೇಳಿದಂತೆಯೇ ಇತ್ತು. ಮೊದಲ ಪಾಠದಲ್ಲೇ ಪುಟ್ಟ ದೀಪ ಹೊತ್ತಿತು. ಹೆಂಡತಿ ಅಡುಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಇಷ್ಟು ದೊಡ್ಡ ಗಂಡಸು ಇಷ್ಟು ಸಣ್ಣ ದೀಪಕ್ಕೆ ಹಲ್ಲು ಬಿಡುವುದನ್ನು ಕಂಡು ನಕ್ಕಳು. ಮುಂದಿನ ಪಾಠಗಳೂ ಸಲೀಸಾಗಿ ಸಾಗಿದವು. ಬಿಸಿ ಅಳೆಯುವ ಸೆನ್ಸರನ್ನು ಬೋರ್ಡಿಗೆ ಸೇರಿಸುವುದು, ಅದು ಹೇಳಿದ ಅಂಕಿ ನೋಡಿ ಹೀಟರನ್ನು ಹಾಕುವುದು, ಆರಿಸುವುದು. ಪುಸ್ತಕದಲ್ಲಿದ್ದಂತೆ ಬರೆದ, ಓಡಿತು. ಜ್ವರದ ಹೊತ್ತಿಗೆ ಬೇರೆ, ಎದ್ದಮೇಲೆ ಬೇರೆ ಎಂದು ತನ್ನದನ್ನೂ ಸೇರಿಸಿದ, ಅದೂ ಓಡಿತು. ಖಾಲಿ ಕೋಣೆಯಲ್ಲಿಟ್ಟು ನೋಡಿದ, ಬಿಸಿ ಒಂದು ಗೆರೆಯೂ ಆಚೀಚೆ ಆಗಲಿಲ್ಲ. ಅವನು ಕೋಣೆಗೆ ಹೊಸ ಬೀಗ ತಂದು ಕೀಲಿಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಇನ್ನು ನೀನು ಒಳಗೆ ಹೇಗೆ ಹೋಗುತ್ತೀಯ ನೋಡುತ್ತೇನೆ ಎಂದು ಹೆಂಡತಿಯನ್ನು ಛೇಡಿಸಿದ. ಅವರಿಬ್ಬರ ಆ ಸಂತೋಷವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಊರಿನವರ ಮೊಟ್ಟೆ ತಂದು ಚಾಕಿ ಕಟ್ಟಿದ. ಮೊದಲ ಜ್ವರ ಸುಸೂತ್ರವಾಗಿ ದಾಟಿತು. ಹುಳುಗಳು ಎರಡನೆಯ ಜ್ವರಕ್ಕೆ ಕೂತವು. ಬೆಳಿಗ್ಗೆ ತಟ್ಟೆಗಳ ಸ್ಟ್ಯಾಂಡನ್ನು ಸ್ವಲ್ಪ ಸರಿಸಿದ. ಸರಿಸುವಾಗ ಸೆನ್ಸರಿನ ತಂತಿ ಎಳೆದು ಅರ್ಧ ಹೊರಗೆ ಬಂತು. ಅವನು ಗಮನಿಸಲಿಲ್ಲ. ಬೀಗ ಹಾಕಿಕೊಂಡು ಹೆಂಡತಿಯನ್ನು ಪೇಟೆಗೆ ಡಾಕ್ಟರ ಹತ್ತಿರ ಕರೆದೊಯ್ದ.

ಸೆನ್ಸರಿನಿಂದ ಏನೂ ಬರಲಿಲ್ಲ. ಏನೂ ಬರದಿದ್ದರೆ ಏನು ಮಾಡಬೇಕೆಂದು ಪ್ರೋಗ್ರಾಮಿಗೆ ಯಾರೂ ಹೇಳಿರಲಿಲ್ಲ. ಅದು ಏನೂ ಇಲ್ಲ ಎಂಬುದನ್ನು ಸೊನ್ನೆ ಎಂದು ತಿಳಿಯಿತು. ಕೋಣೆ ಹಿಮದಂತೆ ತಣ್ಣಗಿದೆ ಎಂದುಕೊಂಡು ಹೀಟರ್ ಹಾಕಿತು. ಮತ್ತೆ ನೋಡಿತು, ಮತ್ತೆ ಸೊನ್ನೆ. ಅವನು ಹೇಳಿಕೊಟ್ಟದ್ದನ್ನು ಅದು ಚಾಚೂ ತಪ್ಪದೆ ಮಾಡಿತು.

ಸಂಜೆ ಗಂಡ ಹೆಂಡತಿ ಹಿಂತಿರುಗಿದರು. ಬೀಗ ಮುಟ್ಟಿದರೆ ಸುಡುತ್ತಿತ್ತು. ಬಾಗಿಲು ತೆಗೆದರೆ ಕಾದ ಒಲೆಯ ಬಾಯಿಗೆ ಮುಖವೊಡ್ಡಿದ ಹಾಗಿತ್ತು. ತಟ್ಟೆಗಳಲ್ಲಿ ಹುಳುಗಳು ಕೂತಲ್ಲೇ ಸತ್ತಿದ್ದವು. ಎಲ್ಲವೂ.

ಹುಳು ಒಯ್ಯಲು ಊರಿನವರು ಬುಟ್ಟಿ, ಬಿಳಿ ಬಟ್ಟೆ ಹಿಡಿದು ಬಂದರು. ಕೆಲವರು ಕೂಗಾಡಿದರು, ಕೆಲವರು ತಟ್ಟೆ ನೋಡಿ ತಲೆಗೆ ಕೈ ಹೊತ್ತು ಕೂತರು. ಹೋಗುವಾಗ ಎಲ್ಲರೂ ಸೇರಿ ಒಂದೇ ಮಾತು ಹೇಳಿದರು. ಮುಂದಿನ ಬೆಳೆಗೆ ಮೊಟ್ಟೆ ಕೊಡುತ್ತೇವೆ, ಆದರೆ ಆ ಯಂತ್ರ ಇರಕೂಡದು, ಅಕ್ಕನೇ ಒಳಗೆ ಕೂತರೆ ಮಾತ್ರ. ಅವರ ತಪ್ಪೇನಿಲ್ಲ. ಅವರು ಕಣ್ಣಾರೆ ಕಂಡಿದ್ದು ಅವಳ ಕೈಗುಣ, ಯಂತ್ರದ್ದಲ್ಲ.

ಅವಳು ಗಂಡನ ಉಡಿದಾರದಿಂದ ಕೀಲಿ ಬಿಚ್ಚಿಕೊಂಡಳು. ಸೆರಗು ಮೂಗಿಗೆ ಕಟ್ಟಿ ಒಳಗೆ ಹೋದಳು. ಅವನು ತಡೆಯಲಿಲ್ಲ. ಯಾವ ಬಾಯಲ್ಲಿ ತಡೆಯುತ್ತಾನೆ? ಹೊರಗೆ ಕೂತು ಅತ್ತ.

ಇಲ್ಲಿಗೆ ಬಂದಾಗ ಮಲ್ಲಾರಾಧ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಅಷ್ಟು ಜನ ಸುಳ್ಳು ಬರೆದಿದ್ದರೇ ಬುದ್ಧಿ?"

"ಒಬ್ಬರೂ ಸುಳ್ಳು ಬರೆದಿರಲಿಲ್ಲ" ಎಂದರು ಗುರುಗಳು. "ದೀಪ ಹೊತ್ತಿತು ಎಂದರು, ಹೊತ್ತಿತಲ್ಲ? ಸುಲಭ ಎಂದರು, ಸುಲಭವಾಗಿಯೇ ಇತ್ತಲ್ಲ?" ಮತ್ತೆ ಕತೆಗೆ ಮರಳಿದರು.

ಕೆಲವು ದಿನಗಳಾದಮೇಲೆ ಅವನು ಆ ಪುಸ್ತಕವನ್ನು ಬಾಯಿಗೆ ಬಂದಂತೆ ಬೈದು ಬರೆಯಬೇಕೆಂದು ಫೋನು ತೆಗೆದ. ಈಗ ತನಗೆ ಬರೆಯುವ ಹಕ್ಕಿದೆ, ತನ್ನ ಬೆಳೆ ಮುಗಿದಿದೆ ಎಂದುಕೊಂಡ. ಬರೆಯುವ ಮುಂಚೆ ಉಳಿದವರದನ್ನು ಇನ್ನೊಮ್ಮೆ ಓದಿದ. ಆಗ ಮೊದಲ ಸಲ, ಪುಸ್ತಕದ ಬಗ್ಗೆ ಅಲ್ಲದೆ ಬರೆದವರ ಬಗ್ಗೆ ಏನಿದೆ ಎಂದು ಹುಡುಕಿದ.

ಒಬ್ಬ ಬರೆದಿದ್ದ, ಇವತ್ತೇ ಕೈಸೇರಿತು, ನೋಡಲು ತುಂಬ ಚೆನ್ನಾಗಿದೆ. ಇನ್ನೊಬ್ಬ ಬರೆದಿದ್ದ, ತಮ್ಮನ ಹುಟ್ಟುಹಬ್ಬಕ್ಕೆ ಕೊಟ್ಟೆ, ಅವನಿಗೆ ಖುಷಿಯಾಯಿತು. ಕುಣಿದಾಡಿದ್ದ ಹೆಣ್ಣುಮಗಳು ಮೊದಲ ಪಾಠ ಮುಗಿಸಿ ಎದ್ದವಳೇ ಬರೆದಿದ್ದಳು, ಎರಡನೆಯ ಪಾಠ ನಾಳೆ ಎಂದು ಕೊನೆಯಲ್ಲಿ ಹಾಕಿದ್ದಳು. ಈ ಮಾತುಗಳು ಅವನು ಹಿಂದೆ ಓದಿದಾಗಲೂ ಅಲ್ಲೇ ಇದ್ದವು. ಕಣ್ಣಿಗೆ ಬಿದ್ದಿರಲಿಲ್ಲ. ಎಷ್ಟು ಕೆಳಗೆ ಹೋದರೂ, ಇದನ್ನು ಓದಿ ಇಂಥದೊಂದು ಕಟ್ಟಿದೆ, ಅದು ಇಷ್ಟು ಕಾಲ ನಡೆಯಿತು ಎಂದವರು ಸಿಗಲಿಲ್ಲ. ಎಲ್ಲರೂ ಹೊಸಿಲ ಮೇಲೆ ನಿಂತು ಮನೆಯನ್ನು ಹೊಗಳಿದವರು.

ಎರಡನೆಯ ಪುಸ್ತಕದ ಬೈಗುಳಗಳನ್ನೂ ಹಾಗೆಯೇ ಓದಿದ. ಅವರೂ ಮೊದಲೆರಡು ಪಾಠಕ್ಕೇ ಎದ್ದುಹೋದವರು. ಬೈಸಿಕೊಂಡದ್ದೆಲ್ಲ ಒಳ್ಳೆಯದು ಎಂದು ನೀನು ಈಗ ಹೊರಟುಬಿಡಬೇಡ ಆರಾಧ್ಯ. ಬೈದವರಲ್ಲೂ ಕೊನೆ ಕಂಡವರಿರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಆದರೆ ಅವರಲ್ಲೊಬ್ಬನ ಸಿಟ್ಟಿನ ಮಾತಿನ ಮೇಲೆ ಅವನ ಕಣ್ಣು ನಿಂತಿತು. ಎರಡನೆಯ ಪಾಠದಲ್ಲೇ ತಂತಿ ಕಿತ್ತುಹಾಕು ಎನ್ನುತ್ತಾನೆ.

ಅವನು ಬೈದು ಬರೆಯಲಿಲ್ಲ. ಫೋನು ಕೆಳಗಿಟ್ಟ.

ಅಷ್ಟರಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ಯಾರೋ ಒಂದು ಸುದ್ದಿ ಹೇಳಿದರು. ಪಕ್ಕದ ತಾಲ್ಲೂಕಿನಲ್ಲಿ ಒಬ್ಬ ಹೆಂಗಸು ಚಾಕಿ ಮನೆ ಇಟ್ಟಿದ್ದಾಳೆ, ಅವಳ ಮನೆಯಲ್ಲೂ ಇಂಥದೇ ಬೋರ್ಡು ಇದೆ, ವರ್ಷಗಳಿಂದ ನಡೆಯುತ್ತಿದೆ, ಒಂದು ತಟ್ಟೆ ಹುಳುವೂ ಹೋಗಿಲ್ಲ ಎಂದು. ಅವನು ಬಸ್ಸು ಹತ್ತಿ ಹೋದ. ಆ ಹೆಂಗಸು ಸೊಪ್ಪು ಹೆಚ್ಚುತ್ತಿದ್ದಳು. ಅವನ ಕತೆ ಕೇಳಿ ಮಣೆ ಪಕ್ಕಕ್ಕಿಟ್ಟಳು. ಅಯ್ಯೋ ಎನ್ನಲಿಲ್ಲ. ಒಂದೇ ಮಾತು ಕೇಳಿದಳು.

"ಹುಳ ಬಿಡೋಕ್ ಮುಂಚೆ ನೀವು ತಂತಿ ಕಿತ್ ನೋಡ್ಲಿಲ್ವಾ ಅಣ್ಣಾ?"

ಅವಳ ಕಪಾಟಿನಲ್ಲಿ ಆ ಎರಡನೆಯ ಪುಸ್ತಕವಿತ್ತು. ತೇವಕ್ಕೆ ಊದಿಕೊಂಡಿತ್ತು, ಸುಣ್ಣದ ಬೆರಳಿನ ಗುರುತು ಪುಟಪುಟಕ್ಕೂ ಇತ್ತು. ಕೊನೆಯ ಪುಟದವರೆಗೂ ಇತ್ತು. ಅವಳು ಅದನ್ನು ಕಲಿಯಲು ಬಹಳ ಕಾಲ ಹಿಡಿದಿತ್ತು. ಮೊದಮೊದಲು ಅವಳೂ ಬೈದುಕೊಂಡಿದ್ದಳು, ಒಂದೆರಡು ಸಲ ಮೂಲೆಗೆಸೆದಿದ್ದಳು. ಪುಸ್ತಕ ಕೇಳಿದಂತೆ ತಂತಿ ಕಿತ್ತು ನೋಡಿದಳು, ಕರೆಂಟು ತೆಗೆದು ನೋಡಿದಳು, ಸೆನ್ಸರಿಗೆ ನೀರು ಚಿಮುಕಿಸಿ ನೋಡಿದಳು. ಒಂದೊಂದಕ್ಕೂ ಏನು ಮಾಡಬೇಕೆಂದು ಬರೆದಳು. ಈಗ ಅವಳ ಕೋಣೆಯಲ್ಲಿ ಸೆನ್ಸರ್ ಸುಮ್ಮನಾದರೆ ಹೀಟರ್ ಆರುತ್ತದೆ, ಅಂಗಳದಲ್ಲಿ ಗಂಟೆ ಬಡಿಯುತ್ತದೆ.

ಅವನಿಗೆ ದುಃಖವೂ ಸಿಟ್ಟೂ ಒಟ್ಟಿಗೆ ಬಂತು. "ಇದ್ನ ಓದಿ ಇಷ್ಟೆಲ್ಲಾ ಮಾಡಿದ್ದೀರಿ. ಎಲ್ಲಾದ್ರೂ ಒಂದ್ ಮಾತು ಬರೀಬಾರ್ದಾಗಿತ್ತಾ ಅಕ್ಕಾ? ನಾನ್ ನೋಡ್ತಿದ್ನಲ್ಲಾ" ಎಂದ.

ಆ ಹೆಂಗಸಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಮೊಟ್ಟೆಯ ವಿಷಯ ಊರಿಗೆಲ್ಲ ಹೇಳುವವಳು, ಪುಸ್ತಕದ ವಿಷಯವನ್ನೂ ಹೇಳಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಏನಂತ ಬರೀಲಣ್ಣಾ? ಕೆಲ್ಸ ನಡೀತಿತ್ತು. ನಡೀತಿರೋವಾಗ ಯಾರ್ ಅದ್ರ್ ಬಗ್ಗೆ ಯೋಚ್ನೆ ಮಾಡ್ತಾರೆ?" ಎಂದಳು. ಪುಸ್ತಕವನ್ನು ಅವನ ಕೈಗೆ ಕೊಟ್ಟು ಕಳಿಸಿದಳು.

ಅವನು ಊರಿಗೆ ಬಂದು ಮೊದಲ ಪುಟದಿಂದ ಕುಳಿತ. ಈ ಪುಸ್ತಕ ಸಲೀಸಾಗಿರಲಿಲ್ಲ. ಒಂದು ಪಾಠಕ್ಕೆ ವಾರಗಟ್ಟಲೆ ಹಿಡಿದದ್ದೂ ಉಂಟು. ಅವನು ಕಲಿಯುವಷ್ಟು ಕಾಲವೂ ಹೆಂಡತಿ ಕೋಣೆಯೊಳಗಿದ್ದಳು. ಬೆಳೆಯ ಮೇಲೆ ಬೆಳೆ ಬಂತು. ಕಡೆಗೊಂದು ದಿನ ಅವನು ಊರಿನವರನ್ನೆಲ್ಲ ಕರೆದು, ಖಾಲಿ ಕೋಣೆಯಲ್ಲಿ, ಅವರ ಕೈಯಲ್ಲೇ ತಂತಿ ಕೀಳಿಸಿದ. ಹೀಟರ್ ಆರಿತು, ಗಂಟೆ ಬಡಿಯಿತು. ಊರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಆಗಲಿ ಎಂದು ಒಪ್ಪಿದರು. ಆಮೇಲೆ ಆ ಮನೆಯಲ್ಲಿ ಹುಳು ಕೆಟ್ಟದ್ದಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆ ತಾಯಿ?" ಎಂದು ಮಲ್ಲಾರಾಧ್ಯ ಕೇಳಿದ.

"ಬದುಕಿದ್ದಾಳೆ. ಅಂಗಳದಲ್ಲಿ ಕೂರುತ್ತಾಳೆ. ಹೋದ ಉಸಿರು ತಿರುಗಿ ಬರಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ನಿಲ್ಲಬೇಕು."

ಮಲ್ಲಾರಾಧ್ಯನ ಮುಖ ಕೆಂಪಾಯಿತು. ಫೋನನ್ನು ಪಕ್ಕಕ್ಕೆ ಸರಿಸಿದ.

"ಹೊಗಳಿದವರನ್ನೂ ಬೈದವರನ್ನೂ ಬಿಡಿ ಬುದ್ಧಿ. ಅವರಿಗೆ ಗೊತ್ತಿದ್ದುದೇ ಅಷ್ಟು. ನನಗೆ ಸಿಟ್ಟು ಬರುವುದು ಆ ಪಕ್ಕದ ತಾಲ್ಲೂಕಿನ ಹೆಂಗಸಿನ ಮೇಲೆ. ಪುಸ್ತಕ ಕೊನೆಯವರೆಗೆ ಓದಿದವಳು ಅವಳೊಬ್ಬಳು. ಅದರ ಫಲ ಉಂಡವಳು. ಅವಳು ಎರಡು ಸಾಲು ಬರೆದಿದ್ದರೆ ಇನ್ನೊಬ್ಬ ಹೆಂಗಸಿನ ಉಸಿರು ಉಳಿಯುತ್ತಿತ್ತು. 'ನಡೆಯುತ್ತಿತ್ತು, ಏನಂತ ಬರೆಯಲಿ' ಎನ್ನುತ್ತಾಳಲ್ಲ, ಅದೊಂದು ಉತ್ತರವೇ?"

ಗುರುಗಳು ಶಿಷ್ಯನ ಮುಖವನ್ನೇ ನೋಡಿದರು.

"ನಿನ್ನ ಭಾಷೆಯನ್ನು ನೀನೂ ಒಂದು ಪುಸ್ತಕವನ್ನು ಕೊನೆಯವರೆಗೆ ಓದಿ ಕಲಿತೆಯಲ್ಲ ಆರಾಧ್ಯ, ಆ ಪುಸ್ತಕದ ಬಗ್ಗೆ ಎಲ್ಲಿ ಬರೆದಿದ್ದೀಯ?"

ಮಲ್ಲಾರಾಧ್ಯ ಫೋನನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ತಾನು ಕಲಿತ ಪುಸ್ತಕದ ಪುಟ ಹುಡುಕತೊಡಗಿದ.